ಬಡಗಿಯಣ್ಣನ ಡೋಲು

ನಮ್ಮ ಫುಟ್‌ಬಾಲ್ ತಂಡದ ಅಭಿಮಾನಿಗಳಿಗೆಲ್ಲ ಬಡಗಿಯಣ್ಣನೇ ಯಜಮಾನ. ಪಂದ್ಯದ ದಿನ ಉಳಿ, ಗರಗಸ ಮೂಲೆ ಸೇರುತ್ತವೆ. ತಾನೇ ಮಾಡಿದ ಡೋಲನ್ನು ಕೊರಳಿಗೆ ನೇತುಹಾಕಿಕೊಂಡು ಗ್ಯಾಲರಿಗೆ ಬರುತ್ತಾನೆ. ಗೋಲ್‌ಕೀಪರ್ ಚೆಂಡು ಬಿಟ್ಟರೆ, "ಲೋ, ಬಾಗಿಲಿಗೆ ಚಿಲಕ ಹಾಕೋದು ಯಾವಾಗ್ಲೋ?" ಎಂದು ಕೂಗುತ್ತಾನೆ. ಪಂದ್ಯ ಶುರುವಾಗುವ ಮುನ್ನ ಆಟಗಾರರು ವರ್ಣಭೇದವನ್ನು ಪ್ರತಿಭಟಿಸಿ ಮೈದಾನದಲ್ಲಿ ಮಂಡಿಯೂರಿದರೆ, "ರಾಜಕೀಯ ಆಮೇಲೆ, ಮೊದ್ಲು ಓಡ್ರಪ್ಪಾ" ಎಂದು ಗೊಣಗುತ್ತಾನೆ. ಆದರೂ ಅವರು ಏಳುವವರೆಗೆ ಡೋಲು ಮುಟ್ಟುವುದಿಲ್ಲ. ಎದುರಾಳಿ ತಂಡವೊಂದರಲ್ಲಿ, ತಾನು ಪ್ರೀತಿಸುವುದು ಗಂಡಸನ್ನೇ ಎಂದು ಬಹಿರಂಗವಾಗಿ ಹೇಳಿದ ಆಟಗಾರನೊಬ್ಬನಿದ್ದಾನೆ. ಅವನನ್ನು ಹಂಗಿಸುವ ಹಾಡು ಕಟ್ಟಿದವನೂ ಬಡಗಿಯಣ್ಣನೇ. ಅದು ಈಗಲೂ ಇಡೀ ಗ್ಯಾಲರಿಗೆ ಬಾಯಿಪಾಠ. ಆದರೆ ಯಾರಾದರೂ ಅದನ್ನು ಎತ್ತಿಕೊಂಡರೆ ಸಾಕು, ಅವನು ಬೇಕೆಂದೇ ತಾಳ ತಪ್ಪಿಸಿ ಡೋಲು ಬಡಿಯುತ್ತಾನೆ. ಹಾಡು ಮುಗ್ಗರಿಸಿ ನಿಲ್ಲುತ್ತದೆ. "ಏನಣ್ಣಾ, ಕೈಗೆ ವಯಸ್ಸಾಯ್ತಾ?" ಎಂದು ಹುಡುಗರು ನಗುತ್ತಾರೆ. "ಹೂಂ ಕಣ್ರೋ, ಆಯ್ತು" ಎನ್ನುತ್ತಾನೆ. ಅವನ ಪಕ್ಕದ ಆಸನದ ಮೇಲೆ ಯಾವಾಗಲೂ ಒಂದು ಟವೆಲ್ ಹಾಸಿರುತ್ತದೆ. ಆ ಹಾಡನ್ನು ಮೊದಲ ಸಲ ಹಾಡಿದ ದಿನ ಅಲ್ಲಿ ಕೂತಿದ್ದವನು ಅವನ ತಮ್ಮ; "ಅಣ್ಣಾ, ನಾನೂ ಅವನ ಥರಾನೇ" ಎಂದು ಎದ್ದು ಹೋದವನು ಮತ್ತೆ ಗ್ಯಾಲರಿಗೆ ಬಂದಿಲ್ಲ. ಯಾರಾದರೂ ಕೂರಲು ಬಂದರೆ ಬಡಗಿಯಣ್ಣ ಟವೆಲ್ ಮೇಲೆ ಕೈಯಿಟ್ಟು, "ತಮ್ಮ ಬರ್ತಾನೆ, ಸ್ವಲ್ಪ ಆ ಕಡೆ ಕೂತ್ಕೊಳ್ಳಿ" ಎನ್ನುತ್ತಾನೆ.