ಜೋಡಿಯಿಲ್ಲದ ನಾಲ್ಕು ಕಿಟಕಿ

ತಾಳಗುಂದದ ಆಚೆಗಿನ ಸಣ್ಣ ಊರೊಂದಕ್ಕೆ ನಾನು ಮೇಷ್ಟ್ರಾಗಿ ಹೋದಾಗ ಶಾಲೆಗೆ ಇದ್ದದ್ದು ಎರಡೇ ಕೋಣೆ. ಐದು ತರಗತಿಯ ಮಕ್ಕಳು ಅಲ್ಲೇ ಬೆನ್ನಿಗೆ ಬೆನ್ನು ಹಾಕಿ ಕೂರಬೇಕು. ನಾನು ಈ ಮೂಲೆಯಲ್ಲಿ ಮಗ್ಗಿ ಹೇಳಿಸಿದರೆ ಆ ಮೂಲೆಯವರ ಪದ್ಯದೊಳಗೆ ಏಳೆಂಟ್ಲೆ ಐವತ್ತಾರು ನುಗ್ಗಿಬಿಡುತ್ತಿತ್ತು.

ಮೂರನೆಯ ಕೋಣೆ ಕಟ್ಟಲು ಊರವರೇ ನಿಂತರು. ಒಬ್ಬರು ಕಲ್ಲು ಕೊಟ್ಟರು, ಒಬ್ಬರು ಮರಳು ಹೊಡೆಸಿದರು, ಕೆಲವರು ಬಂದು ಮೈಮುರಿದು ದುಡಿದರು. ಗೋಡೆ ಎದ್ದಿತು, ಕಿಟಕಿಗೆ ಗತಿಯಿಲ್ಲ.

"ಬನ್ರಿ ಮೇಷ್ಟ್ರೇ, ಕೇಳಿ ನೋಡಣ. ಕೇಳಿದ್ರೆ ಬಾಯಿ ಸವೀತದಾ?" ಎಂದರು ನಮ್ಮ ಹೆಡ್ ಮೇಡಂ.

ಸೊರಬದಲ್ಲಿ ಹಳೆ ಮನೆಯೊಂದನ್ನು ಕೆಡವುತ್ತಿದ್ದರು. ಯಜಮಾನರು ಹಿಂದೆಮುಂದೆ ನೋಡದೆ, "ಒಂದು ಕಿಟಕಿ ತಗಂಡ್ ಹೋಗಿ ಮಾರಾಯ್ರೆ" ಎಂದರು. ಮೇಡಂ ಸ್ಕೂಟರ್ ಓಡಿಸಿದರು. ನಾನು ಹಿಂದೆ ಕೂತು ಕಿಟಕಿಯನ್ನು ತಬ್ಬಿಕೊಂಡು, ಅದರ ಸರಳುಗಳ ನಡುವಿನಿಂದ ದಾರಿಯುದ್ದಕ್ಕೂ ಜೋಳದ ಹೊಲ ನೋಡುತ್ತಾ ಬಂದೆ. ಬಸ್‌ಸ್ಟ್ಯಾಂಡಿನವರೆಲ್ಲ ಬಿದ್ದುಬಿದ್ದು ನಕ್ಕರು. ಆ ನಗುವೇ ಸುದ್ದಿ ಹರಡಿತು. ಉಡುತಡಿಯಿಂದ ಒಂದು, ಅಂಜನಾಪುರದಿಂದ ಎರಡು ಕಿಟಕಿ ತಾವಾಗಿಯೇ ಬಂದವು. ಒಂದು ಎತ್ತರ, ಒಂದು ಕುಳ್ಳು, ಒಂದಕ್ಕೆ ಹಸಿರು ಬಣ್ಣ, ಇನ್ನೊಂದಕ್ಕೆ ಬಣ್ಣವೇ ಇಲ್ಲ.

ಶಿಕಾರಿಪುರದ ಬಡಗಿ ಚಾಚಾ ನಾಲ್ಕನ್ನೂ ಸಾಲಾಗಿ ನಿಲ್ಲಿಸಿ ತಲೆ ಕೆರೆದುಕೊಂಡರು. "ಒಂದಕ್ಕೊಂದು ಜೋಡಿ ಇಲ್ರೀ ಮೇಡಂ. ಇರ್ಲಿ, ಕುಂದ್ರಸ್ತೀನಿ." ಎರಡು ದಿನ ದುಡಿದರು. ಕೂಲಿ ಕೊಡಹೋದರೆ, "ನಂದೂ ಏನರ ಇರ್ಲಿ ಬಿಡ್ರಿ" ಎಂದು ಉಳಿ ಗಂಟು ಕಟ್ಟಿದರು.

ಹೊರಗೋಡೆಗೆ ಪ್ಲಾಸ್ಟರ್ ಆದ ದಿನ ಶಾಲೆಯ ಎದುರುಮನೆಯ ಅಜ್ಜಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದಳು. ಒಂದು ಕರು ಕಟ್ಟಿಕೊಂಡು ಒಬ್ಬಳೇ ಬದುಕುತ್ತಿದ್ದವಳು. ಕಲ್ಲು, ಮರಳು ಕೇಳಲು ಮನೆಮನೆಗೆ ಹೋದಾಗ ಅವಳ ಹತ್ತಿರ ಏನು ಕೇಳುವುದೆಂದು ನಾವು ಆ ಮನೆಯೊಂದನ್ನು ಬಿಟ್ಟಿದ್ದೆವು.

"ಎಲ್ಲರ ಮನೀಗೂ ಹೋದ್ರಿ. ನಮ್ಮನಿಗ್ಯಾಕೆ ಬರ್ಲಿಲ್ಲ? ನಾನು ಈ ಊರಾಗೆ ಇಲ್ಲೇನು?"

ಕನಿಕರ ಎಂದುಕೊಂಡು ಅವಮಾನ ಮಾಡಿದ್ದೆವು. ಮೇಡಂ ಮೆಲ್ಲಗೆ, "ತಪ್ಪಾಯ್ತಜ್ಜಿ. ಈಗ ಬೇಸಿಗೆ ರಜೆ, ನಾವ್ಯಾರೂ ಇರಲ್ಲ. ಬಿರುಕು ಬಿಡದಂಗೆ ಗೋಡೆಗೆ ದಿನಾ ನೀರು ಹಾಕ್ಬೇಕು. ನಿಮ್ಮಿಂದ ಆಗ್ತದಾ?" ಎಂದು ಕೇಳಿದರು.

"ಆಗ್ದೆ ಏನು!"

ರಜೆ ಮುಗಿಸಿ ಬಂದಾಗ ಗೋಡೆಯಲ್ಲಿ ಕೂದಲೆಳೆಯಷ್ಟೂ ಬಿರುಕಿರಲಿಲ್ಲ. ಬೆಳಿಗ್ಗೆ, ಸಂಜೆ ಕೊಡ ಹೊತ್ತು ತಂಬಿಗೆಯಲ್ಲಿ ನೀರೆರಚಿದಳಂತೆ. ಒಂದು ದಿನವೂ ತಪ್ಪಿಸಲಿಲ್ಲವೆಂದು ಅಕ್ಕಪಕ್ಕದವರು ಹೇಳಿದರು.

ಹೊಸ ಕೋಣೆಯ ಮೊದಲ ಪಾಠಕ್ಕೆ ಅವಳನ್ನು ಕರೆದೆವು. ಕುರ್ಚಿ ಕೊಟ್ಟರೆ ಒಲ್ಲೆ ಎಂದು ಎರಡನೇ ತರಗತಿಯ ಹುಡುಗಿಯರ ನಡುವೆ ಚಕ್ಕಳಮಕ್ಕಳ ಹಾಕಿ ಕೂತಳು. ನಾನು ಬೋರ್ಡಿನ ಮೇಲೆ ಅಕ್ಷರ ಬರೆದೆ. ಪಕ್ಕದ ಹುಡುಗಿ ತನ್ನ ಸ್ಲೇಟನ್ನು ಅರ್ಧ ಅವಳ ಕಡೆ ಸರಿಸಿದಳು. ಅಜ್ಜಿ ಬಳಪ ಹಿಡಿದು, ನಾಲಿಗೆ ಕಚ್ಚಿಕೊಂಡು, ನಿಧಾನವಾಗಿ ಒಂದು 'ಅ' ತಿದ್ದಿದಳು.