ಮರೀ ಎಂದು ಕರೆದದ್ದು

ನಮ್ಮ ಯಜಮಾನರದ್ದು ಸೂರತ್ತಿನ ಹೊರವಲಯದ ಸಚಿನ್‌ನ ಕಾರ್ಖಾನೆಗಳ ನಡುವೆ ಒಂದು ಸಣ್ಣ ಉಡುಪಿ ಹೋಟೆಲು. ಒಂದು ಮಧ್ಯಾಹ್ನ ಅವರು ತರಕಾರಿ ಕ್ರೇಟಿನಲ್ಲಿ ಕುರಿಮರಿಯೊಂದನ್ನು ಮಲಗಿಸಿಕೊಂಡು ಅಡಾಜಣ್‌ನ ನಮ್ಮ ಫ್ಲ್ಯಾಟಿಗೆ ಬಂದರು. ಹೋಟೆಲಿನ ಎದುರೇ ಟೆಂಪೊ ಬಡಿದು ಅದರ ತಾಯಿ ಸತ್ತಿತ್ತಂತೆ. ಮರಿಯ ಮುಂಗಾಲೊಂದು ಜೋತಾಡುತ್ತಿತ್ತು. ಇದು ಮಂದೆಯ ಜೊತೆ ನಡೆಯಲಾರದು, ಬೇರೆ ಕುರಿಗಳು ಹಾಲು ಕೊಡದೆ ಹಾಯುತ್ತವೆ ಎಂದು ಕುರಿ ಕಾಯುವವನು ಕೈಮುಗಿದು ಇವರಿಗೆ ಒಪ್ಪಿಸಿದ್ದ.

"ಹೋಯ್, ಇದನ್ನು ಹಿಡ್ಕೊಂಡು ನಾನು ಎಂತ ಮಾಡೂದು?" ಅಂದೆ.

"ನೀನು ಮಗಳನ್ನು ಸಾಕಿದವಳಲ್ವಾ ಮಾರಾಯ್ತಿ. ನಂಗೆ ಇಡ್ಲಿ ಬೇಯಿಸೂದು ಮಾತ್ರ ಗೊತ್ತು," ಎಂದು ಕ್ರೇಟನ್ನು ನನ್ನ ಕಾಲಬುಡದಲ್ಲಿಟ್ಟು ಹೋದರು.

ದನದ ಡಾಕ್ಟರು ಕಾಲಿಗೆ ಪಟ್ಟಿ ಕಟ್ಟಿ ಇಂಜೆಕ್ಷನ್ ಕೊಟ್ಟರು. ಹಾಲು ಕುಡಿದು ಎದ್ದು ನಿಂತರೆ ಬದುಕೀತು, ಮಲಗಿದಲ್ಲೇ ಇದ್ದರೆ ಆಸೆ ಇಟ್ಟುಕೊಳ್ಳಬೇಡಿ ಎಂದರು.

ಅದು ಮಲಗಿದಲ್ಲೇ ಇತ್ತು. ಪಾತ್ರೆ ತೊಳೆಯುವ ಹಿಂದಿನ ಬಾಲ್ಕನಿಯಲ್ಲಿ ನನ್ನ ಹಳೆಯ ಸೀರೆ ಹಾಸಿ ಮಲಗಿಸಿದ್ದೆ. ಬಾಟಲಿಯ ಹಾಲನ್ನು ಮೊದಲು ದೇವರಗೂಡಿನ ಕೃಷ್ಣನ ಮುಂದಿಟ್ಟು ಆಮೇಲೆ ಅದರ ಬಾಯಿಗೆ ಹಿಡಿಯುತ್ತಿದ್ದೆ. ಹಾಲು ತುಟಿಯ ಅಂಚಿನಿಂದ ಸೀರೆಗೆ ಇಳಿಯುತ್ತಿತ್ತು. ಬೆರಳನ್ನು ಅದ್ದಿ ನಾಲಗೆಗೆ ಸವರಿದರೆ ಒಮ್ಮೊಮ್ಮೆ ಗಂಟಲು ಅಲುಗುತ್ತಿತ್ತು. ಆ ಒಂದು ಗುಟುಕಿಗೂ ದೇವರಿಗೆ ಕೈಮುಗಿದೆ. ಕಿವಿ ಬೆಚ್ಚಗಿದ್ದರೆ ಅದಕ್ಕೂ ಮುಗಿದೆ. ಆದರೆ ನಿಲ್ಲಿಸಲು ಎತ್ತಿದಾಗಲೆಲ್ಲ ಒದ್ದೆ ಬಟ್ಟೆಯ ಹಾಗೆ ಕುಸಿಯುತ್ತಿತ್ತು. ಇಷ್ಟು ಕಷ್ಟಕ್ಕೇ ಇದನ್ನು ಉಳಿಸಿದೆಯಾ ಎಂದು ಕೃಷ್ಣನ ಮೇಲೆಯೇ ಸಿಟ್ಟು ಬಂತು.

ಒಂದು ಬೆಳಿಗ್ಗೆ ಬೆರಳು ಬಾಯೊಳಗಿಟ್ಟರೂ ಗಂಟಲು ಅಲುಗಲಿಲ್ಲ. ಕಣ್ಣು ಅರ್ಧ ಮುಚ್ಚಿತ್ತು. "ಮರೀ... ಏ ಮರೀ... ಕಣ್ಣು ಬಿಡು ಮರೀ..." ಎಂದು ಜೋರಾಗಿ ಅಳುತ್ತಾ ಅದರ ಮೈ ತಿಕ್ಕತೊಡಗಿದೆ.

ಮಗಳು ಓಡಿ ಬಂದಳು. "ಅಮ್ಮಾ, ಪ್ಲೀಸ್, ಹಾಗೆ ಕಿರುಚಬೇಡ. ಗುಜರಾತಿಲಿ ಮರೀ ಅಂದ್ರೆ ಸತ್ತೋಯ್ತು ಅಂತ! ಇಡೀ ಬಿಲ್ಡಿಂಗ್ ಕೇಳ್ತಾ ಇದೆ."

ಇಷ್ಟು ವರ್ಷ ಸೂರತ್ತಿನಲ್ಲಿದ್ದೂ ನನಗದು ಹೊಳೆದಿರಲಿಲ್ಲ. ಎಂಥ ಅಪಶಕುನದ ಮಾತು! ಬಾಯಿಗೆ ಸೆರಗು ಒತ್ತಿಕೊಂಡೆ. ಅಷ್ಟರಲ್ಲಿ ಬಾಗಿಲ ಕರೆಗಂಟೆ ಸದ್ದಾಯಿತು.

ಮೇಲಿನ ಮನೆಯ ಗುಜರಾತಿ ಮಾಸಿ. ಸೊಸೈಟಿಯಲ್ಲಿ ಕುರಿ ಕಟ್ಟುತ್ತಾರಾ ಎಂದು ಹಿಂದಿನ ದಿನವಷ್ಟೇ ಬೈದು ಹೋಗಿದ್ದವರು. ಈಗ ಒಂದು ಕೈಯಲ್ಲಿ ಗಂಗಾಜಲದ ಪುಟ್ಟ ಲೋಟ, ಇನ್ನೊಂದರಲ್ಲಿ ತುಳಸಿ ಎಲೆ.

"ಮರೀ ಗಯುಂ, ಬೇನ್?" ಎಂದರು. ಸತ್ತುಹೋಯಿತಾ ಎಂದು ಕೇಳುವಾಗ ಅವರ ಕಣ್ಣು ತುಂಬಿತ್ತು.

ನಾನು ಬಾಲ್ಕನಿಯತ್ತ ಕೈ ತೋರಿಸಿದೆ. ಅವರು ಬಾಲ್ಕನಿಗೆ ಹೋಗಿ ಕಷ್ಟಪಟ್ಟು ಕೂತು, ಅದರ ತುಟಿಗೆ ಎರಡು ಹನಿ ಗಂಗಾಜಲ ಬಿಟ್ಟರು. ನಾಲಗೆ ಹೊರಬಂದು ಹನಿಯನ್ನು ನೆಕ್ಕಿತು.

"ಅರೆ! ಜೀವೇ ಛೇ!" ಬದುಕಿದೆ ಎಂದು ಕೂಗುತ್ತಾ ಮಾಸಿ ಲೋಟವನ್ನೇ ಚೆಲ್ಲಿಬಿಟ್ಟರು. ಆಮೇಲೆ ನನ್ನತ್ತ ತಿರುಗಿ ಹಿಂದಿಯಲ್ಲಿ, "ಜೀವಂತ ಇರುವುದನ್ನು ಹಿಡಿದು ಸತ್ತಿತು ಸತ್ತಿತು ಅಂತ ಅಳುತ್ತೀಯಲ್ಲ, ನಿನಗೆ ತಲೆ ಸರಿ ಇದೆಯಾ?" ಎಂದು ಗದರಿದರು. ಮಗಳು ಅರ್ಥ ಬಿಡಿಸಿ ಹೇಳಿದಾಗ ಹಣೆ ಹಣೆ ಬಡಿದುಕೊಂಡು, "ಇನ್ನು ಬೇರೆ ಏನಾದರೂ ಅನ್ನು, ಆ ಮಾತು ಬೇಡ," ಎಂದರು.

ನಾನು ಮಗಳ ದುಪಟ್ಟಾವನ್ನು ಮರಿಯ ಹೊಟ್ಟೆಯ ಕೆಳಗೆ ಹಾಯಿಸಿ ಎತ್ತಿದೆ. ಮಾಸಿ ಬಾಟಲಿ ಹಿಡಿದರು. "ಬೇಟಾ" ಎಂದರು. "ಲಾಲಾ" ಎಂದು ಬಾಲಕೃಷ್ಣನನ್ನು ಕರೆಯುವಂತೆ ಕರೆದರು. ಅದು ತಲೆ ನೇತುಹಾಕಿಕೊಂಡೇ ಇತ್ತು. ನನ್ನ ತೋಳು ಸೋಲುತ್ತಿತ್ತು. ಇನ್ನು ಇಳಿಸಿಬಿಡೋಣ ಎಂದುಕೊಳ್ಳುವಾಗ ಮಾಸಿ ಕಣ್ಣು ಮುಚ್ಚಿದರು. "ಜಯ್ ಶ್ರೀಕೃಷ್ಣ" ಎಂದು ಮೊದಲು ಬಾಯಿ ಶುದ್ಧ ಮಾಡಿಕೊಂಡವರಂತೆ ಹೇಳಿ, ಮೆಲ್ಲಗೆ ಕರೆದರು: "ಮರೀ..."

ಕಿವಿ ತಿರುಗಿತು. ಬಾಯಿ ಬಾಟಲಿಯನ್ನು ಹುಡುಕಿತು. ದುಪಟ್ಟಾದ ಭಾರ ಸ್ವಲ್ಪ ಹಗುರಾದದ್ದು ನನ್ನ ಕೈಗೆ ಗೊತ್ತಾಯಿತು. ಹಿಂಗಾಲು ಎರಡೂ, ಮುಂಗಾಲು ಒಂದೂ ನೆಲಕ್ಕೆ ಊರಿದ್ದವು. ನಾಲ್ಕನೆಯದು ಪಟ್ಟಿಯೊಳಗೆ ಸುಮ್ಮನೆ ತೂಗುತ್ತಿತ್ತು. ಆ ಕಾಲು ಕೊನೆಗೂ ನೆಟ್ಟಗಾಗಲಿಲ್ಲ.

ದೇವರೇ, ಮೂರು ಸಾಕು ಎಂದೆ.