ರಕ್ಷಾ ಖಾಲಿ ಬಿಟ್ಟ ಉತ್ತರ

ವಿದ್ಯಾರಣ್ಯಪುರದ ಬಾಡಿಗೆ ಮನೆಯ ಹಾಲ್‌ನಲ್ಲಿ ಪದ್ಮಶ್ರೀ ಸಂಜೆ ಟ್ಯೂಷನ್ ಮಾಡುತ್ತಾಳೆ. ಬಾಗಲಕೋಟೆ ಕಡೆಯವಳು, ಕೆಮಿಸ್ಟ್ರಿಯಲ್ಲಿ ಬಿ.ಎಸ್ಸಿ. ಮಾಡಿದವಳು. ಗಣಿತ, ವಿಜ್ಞಾನ ನೀರು ಕುಡಿದಷ್ಟು ಸುಲಭ. ಇಂಗ್ಲಿಷನ್ನೂ ಹೇಳಿಕೊಡಿ ಎಂದು ತಾಯಂದಿರು ಕೇಳಿದಾಗ ಮಾತ್ರ ಇಲ್ಲವೆನ್ನಲು ಬಾಯಿ ಬರಲಿಲ್ಲ. ಹಿಂದಿನ ದಿನವೇ ಗೈಡ್ ನೋಡಿ ಉತ್ತರಗಳನ್ನು ಪೆನ್ಸಿಲಿನಲ್ಲಿ ಬರೆದಿಟ್ಟುಕೊಳ್ಳುವಳು. ಅದಕ್ಕೆ ಹೊಂದಿದ್ದು ಸರಿ, ಹೊಂದದ್ದು ತಪ್ಪು. ತಪ್ಪಿದವರು ಐದು ಸಲ ಬರೆಯಬೇಕು. ಸಮೀಕರಣದಂತೆ ಎರಡು ವಾಕ್ಯ ಸೇರಿಸುವುದಕ್ಕೂ ಒಂದೇ ಉತ್ತರ ಎಂದು ನಂಬಿದ್ದಳು.

ಬಸ್ ತಡವಾಯಿತು. ನಾವು ನಡೆದೆವು. ಇವೆರಡನ್ನೂ ಇಂಗ್ಲಿಷಿನಲ್ಲಿ ಸೇರಿಸಬೇಕಿತ್ತು. ಗೈಡಿನಲ್ಲಿ ನಡುವೆ ಕಾಮಾ, ಆಮೇಲೆ 'ಸೋ'. ಏಳನೇ ಕ್ಲಾಸಿನ ರಕ್ಷಾ 'ಬಿಕಾಸ್' ಎಂದೇ ಶುರುಮಾಡಿದ್ದಳು. ಪದ್ಮಶ್ರೀ ಕೆಂಪು ಗೀಟು ಎಳೆದಳು. ಬಿಕಾಸ್‌ನಿಂದ ಯಾರಾದರೂ ಮಾತು ಶುರುಮಾಡ್ತಾರಾ ಎಂದು ಮಿಕ್ಕವರನ್ನು ನಗಿಸಿಯೂ ಬಿಟ್ಟಳು. ರಕ್ಷಾ ತಲೆ ತಗ್ಗಿಸಿ ಐದು ಸಲ ಬರೆದಳು.

ಮುಂದಿನ ವಾರ ಅವಳ ತಾಯಿ ರತ್ನಕ್ಕ ಬಂದರು. ಶಾಲೆಯ ಟೆಸ್ಟಿನಲ್ಲಿ ವಾಕ್ಯ ಸೇರಿಸುವುದನ್ನೆಲ್ಲ ಹುಡುಗಿ ಖಾಲಿ ಬಿಟ್ಟಿದ್ದಳಂತೆ. 'ಸೋ' ಹಾಕಿದರೂ ಸರಿ, 'ಬಿಕಾಸ್' ಮೊದಲು ಬಂದರೂ ಸರಿ ಎಂದು ಅಲ್ಲಿನ ಟೀಚರ್ ಆಮೇಲೆ ಬೋರ್ಡಿನಲ್ಲಿ ಎರಡನ್ನೂ ತೋರಿಸಿದರಂತೆ. ಯಾಕೆ ಬಿಟ್ಟೆ ಅಂದರೆ ಮಗಳು ತುಟಿ ಬಿಚ್ಚಿಲ್ಲ.

"ಇವಳಿಗೆ ತಲೇನೇ ಓಡಲ್ಲ ಮಿಸ್. ನೀವೇ ಸ್ವಲ್ಪ ಗದರಿ. ನಿಮ್ಮ ಮಾತಾದ್ರೆ ಕೇಳ್ತಾಳೆ."

ಕೇಳಿದ್ದರಿಂದಲೇ ಹೀಗಾಯಿತು ಎಂದು ಪದ್ಮಶ್ರೀಗೆ ಹೊಳೆಯಿತು. ನೋಡ್ತೀನಿ ಎಂದಷ್ಟೇ ಹೇಳಿ, ಕಾಫಿಯ ನೆಪದಲ್ಲಿ ಒಳಗೆ ಹೋದಳು. ಹಾಲನ್ನು ಒಲೆಯ ಮೇಲಿಟ್ಟಳು. ಮಿಸ್‌ಗೇ ಬರಲ್ಲ ಎಂದು ಗೊತ್ತಾದರೆ ಮಕ್ಕಳನ್ನು ಯಾರು ಕಳಿಸುತ್ತಾರೆ? ಆದರೆ ಆ ಮಗು ಮನೆಯಲ್ಲೂ ಮಿಸ್ ಹೆಸರೆತ್ತಿಲ್ಲ. ಹಾಲು ಉಕ್ಕಿ ಒಲೆಯ ಮೇಲೆ ಹರಿದದ್ದು ವಾಸನೆ ಬಂದಮೇಲೇ ತಿಳಿಯಿತು.

ಮರುದಿನ ಮಗಳನ್ನು ಬಿಡಲು ಬಂದ ರತ್ನಕ್ಕನನ್ನೂ ಒಳಗೆ ಕೂರಿಸಿದಳು. ಮಕ್ಕಳೆಲ್ಲ ಇದ್ದರು.

"ಅವತ್ತು ರಕ್ಷಾ ಬರೆದದ್ದು ಸರಿ ಇತ್ತು. ನನಗ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಗೀಟು ಹಾಕೀನಿ, ನಿಮ್ಮನ್ನ ನಗಿಸೀನಿ." ಇಲ್ಲಿಗೆ ಬಂದಮೇಲೆ ಅಡಗಿಸಿಟ್ಟಿದ್ದ ಊರಿನ ಮಾತು ತಾನಾಗಿ ಬಾಯಿಗೆ ಬಂದಿತ್ತು.

ಯಾರೂ ನಗಲಿಲ್ಲ. ರತ್ನಕ್ಕ ನೆಲ ನೋಡುತ್ತಿದ್ದರು.

"ಹಂಗಾದ್ರೆ ನೀವೂ ಐದ್ ಸಲ ಬರೀಬೇಕು ಮಿಸ್," ಎಂದ ರವಿಕಿರಣ, ತರಗತಿಯ ತುಂಟ.

ಪದ್ಮಶ್ರೀ ಸೀಮೆಸುಣ್ಣ ತೆಗೆದುಕೊಂಡಳು. ಗೋಡೆಯ ಬೋರ್ಡಿನ ಮೇಲೆ 'ಬಿಕಾಸ್'ನಿಂದ ಶುರುಮಾಡಿ ಬರೆದಳು, ಮತ್ತೆ ಬರೆದಳು. ರಕ್ಷಾ ಮೆಲ್ಲಗೆ ತಲೆ ಎತ್ತಿದಳು.

"ನಡುವೆ ಕಾಮಾ ಬಿಟ್ರಿ ಮಿಸ್."

ಪದ್ಮಶ್ರೀ ತಿರುಗದೆ ಕಾಮಾ ಹಾಕಿದಳು.